ಹೋಂಸ್ಟೇ ವೆಬ್‌ಸೈಟ್: ಮೊದಲು ಅಕ್ಷರ ಕಾಣಲಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಈಗ ಎಷ್ಟೋ ಹೋಂಸ್ಟೇಗಳಿಗೆ ಸ್ವಂತ ವೆಬ್‌ಸೈಟ್ ಇದೆ. ತೆರೆದರೆ ಮಂಜು ಮುಸುಕಿದ ಗುಡ್ಡ, ಅದರ ಮೇಲೆ ಬಿಳಿ ಅಕ್ಷರ, ಹಿಂದೆ ಹಾಡು. ಬಾಡಿಗೆ ಎಷ್ಟು, ಫೋನ್ ನಂಬರ್ ಎಲ್ಲಿ ಎಂದು ಹುಡುಕುವಷ್ಟರಲ್ಲಿ ನೋಡುವವರಿಗೆ ಸಾಕಾಗಿರುತ್ತದೆ. ದುಡ್ಡು ಸುರಿದೂ ಹೀಗಾಗುವುದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ. ಜೇನು, ಅಪ್ಪೆಮಿಡಿ ಉಪ್ಪಿನಕಾಯಿ ಮಾರುವವರಿಗೂ ಇದೇ ಲೆಕ್ಕ.

ಮೊದಲ ಹಂತಕ್ಕೆ ಕಂಪ್ಯೂಟರ್ ಬೇಡ, ಕಾಗದ ಸಾಕು. ಫೋನ್ ಮಾಡುವವರು ಏನೇನು ಕೇಳುತ್ತಾರೋ ಬರೆದುಕೊಳ್ಳಿ. ಒಬ್ಬರಿಗೆ ಎಷ್ಟು? ಊಟ ಸೇರಿದೆಯಾ? ಕಾರು ಮನೆ ಬಾಗಿಲಿಗೆ ಬರುತ್ತಾ, ಜೀಪ್ ಬೇಕಾ? ಯಾವ ಸಿಮ್‌ಗೆ ನೆಟ್‌ವರ್ಕ್ ಸಿಗುತ್ತೆ? ಇವುಗಳ ಉತ್ತರವೇ ನಿಮ್ಮ ವೆಬ್‌ಸೈಟ್. ‘ಪ್ರಕೃತಿಯ ಮಡಿಲಲ್ಲಿ’ ಎಂಬ ಸಾಲು ಬೇಡ, ಅದನ್ನು ಎಲ್ಲರೂ ಬರೆದಾಗಿದೆ.

ಎರಡನೆಯದು, ಮೊಬೈಲ್‌ನಲ್ಲಿ ತೆರೆದ ಕೂಡಲೇ ಹೆಸರು, ಊರು, ದರ, ಫೋನ್ ನಂಬರ್ ಕಾಣಬೇಕು. ತಾನಾಗಿ ಸರಿಯುವ ಚಿತ್ರಗಳ ಸ್ಲೈಡರ್ ಹಾಕಿಸಲೇಬೇಡಿ.

ಮೂರನೇ ಹಂತ ಕನ್ನಡ ಅಕ್ಷರ. ಜಾಸ್ತಿ ಜನ ಎಡವುವುದು ಇಲ್ಲೇ. ಡಿಟಿಪಿ ಅಂಗಡಿಯಲ್ಲಿ ಹಿಂದೆ ಕರಪತ್ರ ಮಾಡಿಸಿರುತ್ತೀರಿ. ಅದೇ ಫೈಲನ್ನು ಸೈಟ್ ಮಾಡುವ ಹುಡುಗರ ಕೈಗೆ ಕೊಡುತ್ತೀರಿ. ಆ ಫೈಲ್ ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿದ್ದರೆ ಬ್ರೌಸರಿನಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಆಗ ಅವರು ಸುಲಭದ ದಾರಿ ಹಿಡಿಯುತ್ತಾರೆ: ಇಡೀ ಬರಹವನ್ನು ಫೋಟೊ ಮಾಡಿ ಅಂಟಿಸುವುದು. ನೋಡಲು ಕನ್ನಡವೇ. ಆದರೆ ದೊಡ್ಡದು ಮಾಡಿದರೆ ಮಸುಕು, ಕಾಪಿ ಮಾಡಲು ಬರದು, ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶ ಅದನ್ನು ಬರಹ ಎಂದು ಗುರುತಿಸದು. ಇದಕ್ಕೆ ಒಪ್ಪಬೇಡಿ. ಎಲ್ಲ ಕಂಪ್ಯೂಟರ್, ಮೊಬೈಲ್‌ಗಳಿಗೂ ಅರ್ಥವಾಗುವ ಅಕ್ಷರ ಸಂಕೇತ ಯೂನಿಕೋಡ್. ಅದಕ್ಕೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತು ಸರಿಯಾಗಿವೆಯೇ ಎಂದು ಕೂತು ಓದಿ. ಪುಟ ಚಿಕ್ಕದಾದರೆ ಹೊಸದಾಗಿ ಟೈಪ್ ಮಾಡಿಸುವುದೇ ಒಳ್ಳೆಯದು.

ಫಾಂಟ್ ಒಂದೇ ಸಾಕು. ನನ್ನ ಆಯ್ಕೆ ನೋಟೋ ಸ್ಯಾನ್ಸ್ ಕನ್ನಡ. ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅನೇಕ್ ಕನ್ನಡವೂ ಆದೀತು. ಅಲಂಕಾರದ ಫಾಂಟುಗಳನ್ನು ಮದುವೆ ಕಾಗದಕ್ಕೆ ಬಿಡಿ. ಬ್ರೌಸರುಗಳಲ್ಲಿ ಅಕ್ಷರದ ಅಳತೆ ಸಾಮಾನ್ಯವಾಗಿ 16 ಪಿಕ್ಸೆಲ್ ಇರುತ್ತದೆ. ಕನ್ನಡಕ್ಕೆ 18 ಇಡಿ.

ಅದಕ್ಕಿಂತ ಮುಖ್ಯ ಸಾಲುಗಳ ನಡುವಿನ ಅಂತರ. ಟೆಂಪ್ಲೇಟುಗಳನ್ನು, ಅಂದರೆ ಸೈಟ್‌ನ ಸಿದ್ಧ ಮಾದರಿಗಳನ್ನು, ಇಂಗ್ಲಿಷ್ ಅಕ್ಷರಕ್ಕೆ ಅಂತ ಮಾಡಿರುತ್ತಾರೆ. ಇಂಗ್ಲಿಷಿಗೆ ಒತ್ತು ಇಲ್ಲವಲ್ಲ! ನಮ್ಮಲ್ಲಿ ‘ಶಿವಮೊಗ್ಗ’ ಎಂದರೆ ಗಕಾರದ ಒತ್ತು ಕೆಳಗಿಳಿಯುತ್ತದೆ, ‘ರಾಷ್ಟ್ರೀಯ’ ಎಂದರೆ ಎರಡು ಒತ್ತು. ಕೆಳಗಿನ ಸಾಲಿನ ಗುಡಿಸಿಗೆ ಅದು ತಾಗಿದರೆ ಓದುವ ಕಣ್ಣು ತಡವರಿಸುತ್ತದೆ. ಲೈನ್ ಹೈಟ್ (ಸಾಲಿನ ಎತ್ತರ) ಅಕ್ಷರದ ಅಳತೆಯ 1.7 ಪಟ್ಟು ಮಾಡಿ ಎಂದು ಸೈಟ್ ಮಾಡುವವರಿಗೆ ಹೇಳಿ. 1.5ಕ್ಕಿಂತ ಕಡಿಮೆ ಬೇಡವೇ ಬೇಡ.

ಇನ್ನೊಂದು ಚಟ, ಎರಡೂ ಅಂಚು ಸಮ ಮಾಡುವ ಜಸ್ಟಿಫೈ. ನಮ್ಮ ಪದಗಳು ಉದ್ದ, ಮೊಬೈಲ್ ಪರದೆ ಸಣ್ಣದು. ಒಂದು ಸಾಲಿಗೆ ಮೂರೇ ಪದ ಹಿಡಿದರೆ ನಡುವೆ ಹಲ್ಲು ಮುರಿದ ಬಾಚಣಿಗೆಯ ಹಾಗೆ ಸಂದಿ ಬೀಳುತ್ತದೆ. ಎಡ ಅಂಚು ಮಾತ್ರ ನೇರವಿರಲಿ. ಇಟಾಲಿಕ್ ಕೂಡ ಬೇಡ. ಹೆಚ್ಚಿನ ಕನ್ನಡ ಫಾಂಟುಗಳಿಗೆ ಅದು ಇಲ್ಲ, ಬ್ರೌಸರ್ ಸುಮ್ನೆ ಅಕ್ಷರವನ್ನು ವಾಲಿಸಿ ತೋರಿಸುತ್ತದೆ. ತಾನೇ ಅನುವಾದ ಮಾಡುವ ಬಟನ್ ಇದ್ದರೆ ಅದನ್ನೂ ತೆಗೆಸಿ. ನಾಲ್ಕು ಸಾಲು ಕನ್ನಡ ನೀವೇ ಬರೆಯಬಹುದು, ಅಲ್ವಾ?

ಬಣ್ಣದ ವಿಷಯ. ಆಗುಂಬೆಯ ಮಂಜಿನ ಫೋಟೊ ಮೇಲೆ ಬಿಳಿ ಅಕ್ಷರ ಕೂರಿಸಿದರೆ ಅರ್ಧ ಹೆಸರು ಮಂಜಿಗೇ ಹೋಗುತ್ತದೆ. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಇರಬೇಕೆಂದು ವೆಬ್‌ನ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ದೊಡ್ಡ ತಲೆಬರಹಕ್ಕೆ 3ಕ್ಕೆ 1 ಸಾಕು. ಅಳೆದು ಹೇಳುವ ಉಚಿತ ತಾಣಗಳಿವೆ. ತಿಳಿ ಬೂದು ಅಕ್ಷರ ಈಗಿನ ಫ್ಯಾಷನ್ ಎಂದು ಯಾರಾದರೂ ಹೇಳಿದರೆ, ಕಪ್ಪು ಮಾಡಿಕೊಡಿ ಎಂದುಬಿಡಿ.

ಫೋಟೊ ಹತ್ತು ಸಾಕು. ಮೊಬೈಲ್‌ನಲ್ಲಿ ತೆಗೆದ ಒಂದೊಂದು ಫೋಟೊ 4–5 ಎಂಬಿ ಇರಬಹುದು. ಘಾಟಿಯ ನೆಟ್‌ವರ್ಕಿನಲ್ಲಿ ಅದು ತೆರೆದಂತೆಯೇ! ಅಗಲ 1200 ಪಿಕ್ಸೆಲ್‌ಗೆ ಇಳಿಸಿ, ಒಂದೊಂದೂ 200 ಕೆಬಿ ಸುತ್ತಮುತ್ತ ಇರಲಿ. ಸ್ಕ್ವೂಶ್ ಎಂಬ ತಾಣದಲ್ಲಿ ಪುಕ್ಕಟೆ ಆಗುತ್ತದೆ.

ಫೋನ್ ನಂಬರ್ ಒತ್ತಿದರೆ ಕರೆ ಹೋಗಬೇಕು. ದಾರಿಗೆ ಮ್ಯಾಪ್ ಕೊಂಡಿ ಒಂದನ್ನೇ ನಂಬಬೇಡಿ, ಕಾಡಿನ ನಡುವೆ ಸಿಗ್ನಲ್ ಇರುವುದಿಲ್ಲ. ಕೊನೆಯ ಪೆಟ್ರೋಲ್ ಬಂಕ್ ಯಾವುದು, ಯಾವ ಸೇತುವೆ ದಾಟಿ ಎಡಕ್ಕೆ ಎಂದು ಅಕ್ಷರದಲ್ಲೂ ಬರೆಯಿರಿ.

ಎಲ್ಲ ಆದ ಮೇಲೆ ಮಧ್ಯಾಹ್ನದ ಬಿಸಿಲಿಗೆ ಅಂಗಳಕ್ಕೆ ಬನ್ನಿ. ಸೈಟ್ ನೋಡಿರದ ಹಿರಿಯರೊಬ್ಬರ ಕೈಗೆ ಮೊಬೈಲ್ ಕೊಟ್ಟು, ದರ ಎಷ್ಟಿದೆ ನೋಡಿ ಎಂದು ಕೇಳಿ. ನೀವು ಬಾಯಿ ಹಾಕಬೇಡಿ. ಅವರು ತಡಕಾಡಿದರೆ ಎರಡನೇ ಹಂತಕ್ಕೆ ವಾಪಸ್.

ವಿವರ ಹಳತಾದರೆ ಆಗಲೇ ಬದಲಿಸಿ. ಶರಾವತಿ ಹಿನ್ನೀರಿನ ಆಚೆಗಿನ ಸಿಗಂದೂರಿಗೆ 2025ರ ಜುಲೈನಲ್ಲಿ ಸೇತುವೆ ತೆರೆಯಿತು. ನಿಮ್ಮ ಪುಟದಲ್ಲಿ ಇನ್ನೂ ಲಾಂಚ್‌ನಲ್ಲೇ ದಾಟಬೇಕು ಎಂದಿದ್ದರೆ ಇವತ್ತೇ ತೆಗೆಯಿರಿ. ಅದಕ್ಕೆ ಪಾಸ್‌ವರ್ಡ್ ನಿಮ್ಮ ಬಳಿ ಇರಬೇಕು. ಸೈಟ್ ಮಾಡಿಕೊಟ್ಟವರಿಗೆ ಕೊನೆಯ ಕಂತು ಕೊಡುವ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.