ಸರ್ಕಾರದ ಜಾಲತಾಣ ಪೋಸ್ಟ್‌ಗಳನ್ನು ಹಸಿರು ವ್ಯಾಪಾರಕ್ಕೆ ಬಳಸಿಕೊಳ್ಳುವ ಬಗೆ

ಅಡಿಕೆ ಹಾಳೆಯ ತಟ್ಟೆ, ಬಟ್ಟೆ ಚೀಲ, ಮಣ್ಣಿನ ಗಣಪತಿ ತಯಾರಿಸುವ ಸಣ್ಣ ಉದ್ದಿಮೆದಾರರಿಗೆ ಪ್ಲಾಸ್ಟಿಕ್ ಬಿಡಿ ಎಂದು ಮಾಲಿನ್ಯ ನಿಯಂತ್ರಣ ಮಂಡಳಿ ಸಾಮಾಜಿಕ ಜಾಲತಾಣದಲ್ಲಿ ಹಾಕುವ ಒಂದು ಪೋಸ್ಟ್ ಬಿಟ್ಟಿ ಜಾಹೀರಾತಿನಂತೆ ಒದಗಬಹುದು. ಆದರೆ ಅದು ಗಿರಾಕಿಯನ್ನು ಕರೆತರುವ ಹೊತ್ತಿಗೂ ಕಚ್ಚಾ ಸಾಮಗ್ರಿ ಸಿಗುವ ಕಾಲಕ್ಕೂ ತಾಳೆಯಾಗುವುದಿಲ್ಲ.

ಆದ್ದರಿಂದ ಮೊದಲು ಮಂಡಳಿಯ ಮತ್ತು ನಿಮ್ಮ ಸ್ಥಳೀಯ ಸಂಸ್ಥೆಯ ಕಳೆದ ಎರಡು ಮೂರು ವರ್ಷಗಳ ಪೋಸ್ಟ್‌ಗಳನ್ನು ತೆರೆದು, ಯಾವುದು ಯಾವಾಗ ಬಂದಿತೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಜೂನ್ 5ರ ಪರಿಸರ ದಿನ, ಗಣೇಶ ಚತುರ್ಥಿಯ ಹಿಂದಿನ ವಾರಗಳು, ಅಕ್ಟೋಬರ್ 2 ಇವುಗಳ ಸುತ್ತ ಇಂಥ ಪ್ರಚಾರ ದಟ್ಟವಾಗಿರುತ್ತದೆ. ಮಲೆನಾಡು, ಕರಾವಳಿಯಲ್ಲಿ ಜೂನ್ ಎಂದರೆ ಮಳೆ ಹಿಡಿಯುವ ಹೊತ್ತು. ಆಗ ಬೇಡಿಕೆ ಬಂದರೂ ಹಾಳೆ ಒಣಗಿಸಲು ಬಿಸಿಲಿರುವುದಿಲ್ಲ, ಒದ್ದೆ ಹಾಳೆಗೆ ಬೂಷ್ಟು ಹಿಡಿಯುತ್ತದೆ. ಬೇಸಿಗೆಯಲ್ಲೇ ಹಾಳೆ ಕೊಂಡು, ಒಣಗಿಸಿ, ನೆಲದ ತೇವ ತಾಗದಂತೆ ಅಟ್ಟದ ಮೇಲೆ ಪೇರಿಸಿಟ್ಟವರಿಗೆ ಮಾತ್ರ ಆ ಪೋಸ್ಟ್‌ನಿಂದ ಲಾಭ. ಮಣ್ಣಿನ ಗಣಪನ ಲೆಕ್ಕವೂ ಹೀಗೆಯೇ.

ಎರಡನೆಯದಾಗಿ, ಪೋಸ್ಟ್ ಕಾನೂನಲ್ಲ. ಅದರ ಹಿಂದಿರುವ ಅಧಿಸೂಚನೆಯನ್ನು, ಅಂದರೆ ಸರ್ಕಾರ ಅಧಿಕೃತವಾಗಿ ಪ್ರಕಟಿಸಿದ ಆದೇಶವನ್ನು, ಹುಡುಕಿ ಓದಿ. ಕೇಂದ್ರದ 2021ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣೆ ತಿದ್ದುಪಡಿ ನಿಯಮಗಳು ಪ್ಲಾಸ್ಟಿಕ್ ಕೈಚೀಲದ ಕನಿಷ್ಠ ದಪ್ಪವನ್ನು ಮೊದಲು 75 ಮೈಕ್ರಾನ್‌ಗೆ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು), 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್‌ಗೆ ಏರಿಸಿದವು. ಕರ್ನಾಟಕದಲ್ಲಾದರೋ 2016ರ ಮಾರ್ಚ್‌ನ ಆದೇಶವೇ ದಪ್ಪ ಎಷ್ಟಿದ್ದರೂ ಪ್ಲಾಸ್ಟಿಕ್ ಕೈಚೀಲವನ್ನು ನಿಷೇಧಿಸಿತ್ತು. ಕೇಂದ್ರ ಸರ್ಕಾರದ ಪೋಸ್ಟನ್ನಷ್ಟೇ ನೋಡಿ "120 ಮೈಕ್ರಾನ್ ಚೀಲಕ್ಕೆ ಅಡ್ಡಿಯಿಲ್ಲ" ಎಂದು ಅಂಗಡಿಯವರು ಹೇಳಿದರೆ, ಬಟ್ಟೆ ಚೀಲ ಮಾರುವ ನೀವು ರಾಜ್ಯದ ಆದೇಶವನ್ನೇ ಮುಂದಿಡಬೇಕು.

ಕರಡು ನಿಯಮಕ್ಕೂ ಅಂತಿಮ ನಿಯಮಕ್ಕೂ ಇರುವ ಅಂತರವನ್ನು ಮರೆಯಬೇಡಿ. ಏಕಬಳಕೆ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳ ನಿಷೇಧದ ಕರಡು 2021ರ ಮಾರ್ಚ್‌ನಲ್ಲಿ ಪ್ರಕಟವಾಯಿತು. ಅಂತಿಮ ನಿಯಮ ಅದೇ ವರ್ಷದ ಆಗಸ್ಟ್ 12ರಂದು ಬಂತು. ಜಾರಿಯಾದದ್ದು 2022ರ ಜುಲೈ 1ರಂದು. ಕರಡಿನ ಸುದ್ದಿ ಕೇಳಿಯೇ ಸಾಲ ಮಾಡಿ ತಟ್ಟೆ ಒತ್ತುವ ಹೊಸ ಪ್ರೆಸ್ ಯಂತ್ರ ತಂದರೆ, ಮಾರುಕಟ್ಟೆ ಬದಲಾಗುವ ಮೊದಲೇ ಕಂತು ಕಟ್ಟಬೇಕಾಗುತ್ತದೆ. ಕರಡಿನ ಹಂತದಲ್ಲಿ ನಿಮಗಿರುವ ನಿಜವಾದ ಕೆಲಸ ಬೇರೆ: ಆಕ್ಷೇಪಣೆ, ಸಲಹೆಗಳಿಗೆ ಸಾಮಾನ್ಯವಾಗಿ ಕೊಡುವ 60 ದಿನಗಳೊಳಗೆ ಬರಹದಲ್ಲಿ ಅಭಿಪ್ರಾಯ ಕಳುಹಿಸುವುದು. ಪೋಸ್ಟ್‌ನ ಕೆಳಗೆ ಹಾಕಿದ ಕಾಮೆಂಟ್ ಅದಕ್ಕೆ ಬದಲಿಯಾಗದು.

ಇಲಾಖೆ ನಿಮ್ಮ ಮಳಿಗೆಯ ಚಿತ್ರ ಹಂಚಿಕೊಂಡರೆ ಸಂತೋಷದಿಂದ ಮರುಹಂಚಿಕೊಳ್ಳಿ. ಆದರೆ "ಸರ್ಕಾರದ ಮಾನ್ಯತೆ ಪಡೆದದ್ದು" ಎಂದು ಬರೆಯಬೇಡಿ, ಪೊಟ್ಟಣದ ಮೇಲೆ ರಾಜಲಾಂಛನ ಅಚ್ಚು ಹಾಕಬೇಡಿ, ಅದಕ್ಕೆ ಕಾನೂನಿನ ತಡೆಯಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2024ರ ಮಾರ್ಗಸೂಚಿಗಳ ಪ್ರಕಾರ "ಪರಿಸರಸ್ನೇಹಿ" ಎಂಬ ಬರಿಯ ಹೇಳಿಕೆಗೂ ಆಧಾರ ಬೇಕು. ಹಾಳೆಯನ್ನು ನೀರಿನಲ್ಲಿ ನೆನೆಸಿ ಬಿಸಿ ಅಚ್ಚಿನಲ್ಲಿ ಒತ್ತಿದ್ದು, ಅಂಟು ಬಣ್ಣ ಸೇರಿಸಿಲ್ಲ ಎಂದು ಇದ್ದದ್ದನ್ನು ಬರೆದರೆ, ಅದು ನಿಜವಾಗಿರುವಷ್ಟು ಕಾಲ, ಯಾರೂ ಪ್ರಶ್ನಿಸಲಾರರು. ಆದರೆ ಮಿಶ್ರಗೊಬ್ಬರವಾಗುವ ಪ್ಲಾಸ್ಟಿಕ್ ತಯಾರಿಸಿ ಮಾರುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಪಡೆದಿರಲೇಬೇಕು.

ಮುಖ್ಯವೆನಿಸಿದ ಪೋಸ್ಟ್‌ನ ಸ್ಕ್ರೀನ್‌ಶಾಟನ್ನು ಕೊಂಡಿ ಮತ್ತು ದಿನಾಂಕದೊಡನೆ ಉಳಿಸಿಕೊಳ್ಳಿ, ಏಕೆಂದರೆ ಅಳಿಸಿಹೋಗುವ ಪೋಸ್ಟ್‌ಗಳೂ ಉಂಟು. ಅದರ ಜೊತೆಗೇ ಅಧಿಸೂಚನೆಯ ಸಂಖ್ಯೆಯನ್ನೂ ಬರೆದಿಡಿ. ತಪಾಸಣೆಗೆ ಬಂದ ಅಧಿಕಾರಿಯ ಮುಂದೆ ನಡೆಯುವುದು ಆ ಸಂಖ್ಯೆಯೇ.