ರೊಟ್ಟಿ ಒಣಗಿಸದೆ ಲಡಾಖ್‌ಗೆ ಹೊರಡಬೇಡಿ

ಹಾಲು, ಮೊಸರು, ತುಪ್ಪ ಬಿಟ್ಟವರನ್ನು ನಾನು ಆಕ್ಷೇಪಿಸುವುದಿಲ್ಲ. ನನ್ನ ಮೊಮ್ಮಗಳೇ ಬಿಟ್ಟಿದ್ದಾಳೆ. ಧಾರವಾಡದಲ್ಲಿ ಹುಟ್ಟಿ ಪೇಡೆ ಮುಟ್ಟುವುದಿಲ್ಲ. ದನಕರುಗಳ ಮೇಲಿನ ಕರುಣೆಯಿಂದ ಬಿಟ್ಟಿದ್ದಾಳೆ, ಅದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ನನಗೆ ಸಿಟ್ಟು ಬರುವುದು ಇವರು ಪ್ರವಾಸಕ್ಕೆ ಹೊರಡುವ ರೀತಿ ನೋಡಿ. ಪ್ರವಾಸ ಕಂಪನಿಯ ಅರ್ಜಿಯಲ್ಲಿ ‘ವೀಗನ್’ ಎಂಬ ಕಡೆ ಒಂದು ಗುರುತು ಹಾಕುತ್ತಾರೆ, ಚೀಲದ ಮೂಲೆಗೆ ಬಿಸ್ಕತ್ತಿನ ಪೊಟ್ಟಣ ತುರುಕುತ್ತಾರೆ, ಮುಗಿಯಿತು, ಲಡಾಖ್‌ಗೆ ಸವಾರಿ. ತಿರುಗಿ ಬಂದಾಗ ಮುಖ ಸೊರಗಿರುತ್ತದೆ. ಏನು ತಿಂದೆ ಎಂದು ಕೇಳಿದರೆ ಅನ್ನಕ್ಕೆ ಉಪ್ಪು ಹಾಕಿಕೊಂಡು ತಿಂದೆ ಎಂಬ ಉತ್ತರ. ಆ ಬಿಸ್ಕತ್ತನ್ನಾದರೂ ತಿರುಗಿಸಿ ಓದಿದ್ದರೆ ಹಾಲಿನ ಪುಡಿ ಎಂದು ಬರೆದಿರುವುದು ಕಾಣುತ್ತಿತ್ತು.

ಲೇಹ್ ಊರಿನಲ್ಲಿ ಹೇಗೋ ನಡೆಯುತ್ತದೆ. ಅಲ್ಲಿಂದ ಖರ್ದುಂಗ್ ಲಾ ದಾಟಿ ನುಬ್ರಾ ಕಣಿವೆಗೆ ಇಳಿದ ಮೇಲೆ, ಅಥವಾ ಪ್ಯಾಂಗಾಂಗ್ ಸರೋವರದ ದಂಡೆಯ ಡೇರೆಯಲ್ಲಿ ತಂಗಿದ ಮೇಲೆ, ಅಡುಗೆಯವನ ಕೈಯಲ್ಲಿ ಇರುವುದೇ ಅಷ್ಟು. ನಾನು ಮಗನ ಜೊತೆ ಹೋದಾಗ ಆ ಅಡುಗೆಮನೆಗಳಲ್ಲಿ ಕುಳಿತು ನೋಡಿದ್ದೇನೆ. ಬೇಳೆಗೆ ತುಪ್ಪದ ಒಗ್ಗರಣೆ, ಪರಾಠಕ್ಕೆ ಬೆಣ್ಣೆ, ನಾನ್ ಹಿಟ್ಟಿಗೆ ಮೊಸರು, ಚಹಾಕ್ಕೂ ಬೆಣ್ಣೆ ಮತ್ತು ಉಪ್ಪು. ತುಕ್ಪಾ ಎಂಬ ಶ್ಯಾವಿಗೆ ಸಾರಿನಲ್ಲಿ ತರಕಾರಿ ತೇಲುತ್ತಿದ್ದರೂ ಸಾರು ಎಲುಬಿನದಾಗಿರಬಹುದು. ಅವರನ್ನು ದೂರುವಂತಿಲ್ಲ. ಅಂಥ ಚಳಿಯ ನಾಡಿನಲ್ಲಿ ಜನ ಬದುಕಿ ಬಂದದ್ದೇ ಬೆಣ್ಣೆ ತಿಂದು. ನಿಮ್ಮ ವ್ರತ ನಿಮ್ಮದು, ಅದರ ಬುತ್ತಿಯನ್ನೂ ನೀವೇ ಹೊರಬೇಕು.

ನಮ್ಮ ಗದಗ, ಧಾರವಾಡದ ಕಡೆಯವರಿಗೆ ಬುತ್ತಿ ಎಂದರೆ ಖಡಕ್ ರೊಟ್ಟಿ. ನನ್ನ ಅತ್ತೆಯ ಕಾಲದಲ್ಲಿ ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ನಡೆದುಕೊಂಡು ಹೋಗುವವರು ಹೆಗಲ ಗಂಟಿನಲ್ಲಿ ಕಟ್ಟಿಕೊಳ್ಳುತ್ತಿದ್ದುದು ಇದನ್ನೇ. ಕೊಪ್ಪಳದ ಗವಿಮಠದ ಜಾತ್ರೆಗೆ ಇಂದಿಗೂ ಹಳ್ಳಿಗಳಿಂದ ಗಾಡಿಗಟ್ಟಲೆ ರೊಟ್ಟಿ ಬರುತ್ತವೆ. ಜೋಳ, ನೀರು, ಬೆಂಕಿ ಇಷ್ಟೇ ಇದರ ಬಂಡವಾಳ; ಹಾಲಿನ ಹನಿ ಇಲ್ಲ. ಆದರೆ ಅವರೆಲ್ಲ ಹೊರಡುವುದು ಬಿಸಿಲಿರುವ, ಗಾಳಿ ಒಣಗಿರುವ ದಿನಗಳಲ್ಲಿ. ಲಡಾಖ್‌ಗೆ ಪ್ರವಾಸಿಗರು ಹೆಚ್ಚಾಗಿ ಹೋಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅಂದರೆ ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿದಿರುವಾಗ. ಲೇಹ್‌ನಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿಲಿಮೀಟರ್, ಅಲ್ಲಿಗೆ ತಲುಪಿದ ರೊಟ್ಟಿಗೆ ಭಯವಿಲ್ಲ. ರೊಟ್ಟಿ ಕೆಡುವುದು ನಮ್ಮ ಮನೆಯಲ್ಲೇ, ಹೊರಡುವ ಮುಂಚೆಯೇ. ಹೊರಗಿನಿಂದ ಗರಿಗರಿ ಕಂಡಿತು ಎಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟುತ್ತಾರೆ. ಉಬ್ಬಿದ ಎರಡು ಪದರಗಳ ನಡುವೆ ಆವಿ ಅಡಗಿರುತ್ತದೆ. ದೆಹಲಿಗೆ ಹೋಗುವಷ್ಟರಲ್ಲಿ ಮೆತ್ತಗಾಗಿ, ಆಮೇಲೆ ಬೂಸು ಹಿಡಿಯುತ್ತದೆ.

ಆದ್ದರಿಂದ ಇದನ್ನು ಮನಸ್ಸಿಟ್ಟು ಓದಿ. ಬಿಳಿಜೋಳವನ್ನು ಹಿಂದಿನ ದಿನವಷ್ಟೇ ಬೀಸಿಸಿ. ಹಳೆಯ ಹಿಟ್ಟಿಗೆ ಜಿಗುಟು ಇರುವುದಿಲ್ಲ, ಅಂಚು ಸೀಳುತ್ತದೆ. ಉಪ್ಪು ಬೇಡ, ಅದು ತೇವ ಎಳೆಯುತ್ತದೆ. ಎಸರು, ನಾದುವುದು, ತಟ್ಟುವುದು ನಿಮಗೆ ಗೊತ್ತಿರಬೇಕು, ಗೊತ್ತಿಲ್ಲದಿದ್ದರೆ ತಾಯಿಯನ್ನು ಕೇಳಿ. ತೆಳ್ಳಗೆ ತಟ್ಟಿ, ಅಂಚು ನಡುವಿಗಿಂತ ದಪ್ಪ ಉಳಿಯಬಾರದು. ಹಂಚಿನ ಮೇಲೆ ರೊಟ್ಟಿ ಉಬ್ಬಿದ ಕೂಡಲೇ ತೆಗೆಯುವುದು ಊಟದ ರೊಟ್ಟಿಗೆ ಸರಿ. ಪ್ರಯಾಣದ ರೊಟ್ಟಿಗೆ ಕೆಲಸ ಶುರುವಾಗುವುದೇ ಆಗ. ಉರಿ ತಗ್ಗಿಸಿ. ಹಳೆಯ ಧೋತರದ ತುಂಡನ್ನು ಮಡಿಸಿ, ನಡುವಿನಿಂದ ಅಂಚಿನ ಕಡೆಗೆ ನಿಧಾನವಾಗಿ ಒತ್ತುತ್ತಾ ಹೋಗಿ. ಅಂಚಿನಲ್ಲಿ ಒಂದು ಕಡೆ ಸೂಜಿಯ ತುದಿಯಷ್ಟು ತೂತು ಮಾಡಿ, ಆವಿ ಅಲ್ಲಿಂದ ಹೊರಡಲಿ. ಬೆರಳಿನ ಅಗಲದಷ್ಟು ತಿರುಗಿಸಿ, ಮತ್ತೆ ಒತ್ತಿ. ಸುತ್ತು ಮುಗಿದ ಮೇಲೆ ಮಗ್ಗುಲು ಬದಲಿಸಿ ಅದನ್ನೇ ಮಾಡಿ. ಹಸಿ ಜೋಳದ ವಾಸನೆ ಹೋಗಿ ಹುರಿದ ವಾಸನೆ ಬರುವವರೆಗೆ ಬಿಡಬೇಡಿ. ಅವಸರಕ್ಕೆ ಉರಿ ಜೋರು ಮಾಡಿದರೆ ಕಪ್ಪು ಚುಕ್ಕೆ ಬೀಳುತ್ತದೆ, ಒಳಗಿನ ತೇವ ಹಾಗೇ ಉಳಿಯುತ್ತದೆ.

ಇಳಿಸಿದ ರೊಟ್ಟಿಯನ್ನು ಮಲಗಿಸಬೇಡಿ. ಮಲಗಿಸಿದರೆ ಅಡಿಭಾಗ ಬೆವರುತ್ತದೆ. ಒಲೆಯ ಪಕ್ಕದಲ್ಲಿ ಯಾವುದಾದರೂ ಪಾತ್ರೆಗೆ ಒರಗಿಸಿ ನಿಲ್ಲಿಸಿ. ನನ್ನ ಅತ್ತೆ ಕಟ್ಟಿಗೆ ಒಲೆಯ ಸುತ್ತಲೂ ನಿಲ್ಲಿಸುತ್ತಿದ್ದರು, ಮಕ್ಕಳು ಹತ್ತಿರ ಸುಳಿದರೆ ಕೋಲು ಎತ್ತುತ್ತಿದ್ದರು. ಮರುದಿನ ಸಂಜೆ ಇನ್ನೊಂದು ಸುತ್ತು ಇದೆ, ಇದನ್ನೇ ಎಲ್ಲರೂ ಬಿಡುವುದು. ಹಂಚನ್ನು ಅತಿ ಸಣ್ಣ ಉರಿಯ ಮೇಲಿಟ್ಟು, ಪ್ರತಿ ರೊಟ್ಟಿಯನ್ನೂ ಎರಡೂ ಮಗ್ಗುಲು ಕೈಗೆ ಚುರುಕು ಮುಟ್ಟುವಷ್ಟು ಬಿಸಿ ಮಾಡಿ, ಬಿದಿರಿನ ಬುಟ್ಟಿಯಲ್ಲಿ ಆರಿಸಿ. ಪೂರ್ತಿ ಆರಿದ ಮೇಲೆ ಒಂದನ್ನು ನಡುವೆ ಮುರಿಯಿರಿ. ಅಂಚು ಮುರಿದು ಪರೀಕ್ಷಿಸುವವರು ಮೋಸ ಹೋಗುತ್ತಾರೆ, ಅಂಚು ಯಾವಾಗಲೂ ಮೊದಲು ಒಣಗುತ್ತದೆ. ಮುರಿದ ತುದಿಯನ್ನು ತುಟಿಗೆ ತಾಗಿಸಿ. ತಣ್ಣಗೆ ಹತ್ತಿದರೆ ತೇವ ಉಳಿದಿದೆ, ಎಲ್ಲವನ್ನೂ ಮತ್ತೆ ಹಂಚಿಗೆ ಹಾಕಿ. ಬೇಸರಪಡಬೇಡಿ.

ಆ ಒತ್ತುವ ಬಟ್ಟೆಯ ಬಗ್ಗೆ ಒಂದು ಮಾತು. ಅದನ್ನು ವಾಷಿಂಗ್ ಮಷಿನ್‌ನಲ್ಲಿ ಪ್ಯಾಂಟು, ಕಾಲುಚೀಲಗಳ ಜೊತೆ ಹಾಕುವ ಮನೆಗಳನ್ನು ನಾನು ನೋಡಿದ್ದೇನೆ. ಸಾಬೂನಿನ ಪುಡಿಯ ವಾಸನೆ ನೇರವಾಗಿ ರೊಟ್ಟಿಗೆ ಇಳಿಯುತ್ತದೆ. ಕುದಿಯುವ ನೀರಿನಲ್ಲಿ ಅದ್ದಿ, ಹಿಂಡಿ, ಬೇರೆಯಾಗಿ ಒಣಹಾಕಿ. ಹಂಚಿಗೂ ಸಾಬೂನು ಬೇಡ.

ರೊಟ್ಟಿಗಳನ್ನು ಒಣಗಿದ ಹತ್ತಿ ಬಟ್ಟೆಯಲ್ಲಿ ಸುತ್ತಿ, ದುಂಡನೆಯ ಸ್ಟೀಲ್ ಡಬ್ಬಿಯಲ್ಲಿಟ್ಟು, ಅಲುಗದಂತೆ ಸುತ್ತಲೂ ಬಟ್ಟೆ ತುಂಬಿ. ಚಟ್ನಿಪುಡಿಗೆ ಶೇಂಗಾ, ಗುರೆಳ್ಳು, ಅಗಸೆ ಮೂರೂ ಇರಲಿ. ಅಗಸೆಯನ್ನು ಚಟಪಟ ನಿಲ್ಲುವವರೆಗೆ ಹುರಿಯಿರಿ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣಕ್ಕೆ ಹೆದರಬೇಡಿ, ಖಾರ ಕಡಿಮೆಯೇ. ಹಸಿ ಬೆಳ್ಳುಳ್ಳಿ ತೇವ ತರುತ್ತದೆ, ಹುರಿದೇ ಹಾಕಿ. ಒಣಕೊಬ್ಬರಿ ಹಾಕಲೇಬೇಡಿ, ಬೇಗ ಕಮಟು ಹಿಡಿಯುತ್ತದೆ; ಇಡೀ ಕೊಬ್ಬರಿ ಬಟ್ಟಲನ್ನಂತೂ ವಿಮಾನದ ಸಾಮಾನಿನಲ್ಲಿ ಬಿಡುವುದೂ ಇಲ್ಲ. ಖಾರದ ಪುಡಿ, ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಟ್ಟುಕೊಂಡು ತಪಾಸಣೆಯವರ ಜೊತೆ ವಾದಕ್ಕೆ ನಿಲ್ಲಬೇಡಿ, ದೊಡ್ಡ ಸಾಮಾನಿನಲ್ಲಿ ಹಾಕಿ. ಮೇಲೆ ಹಾಕಿಕೊಳ್ಳಲು ಒಂದು ಸಣ್ಣ ಬಾಟಲಿ ಕುಸುಬಿ ಎಣ್ಣೆ ಇರಲಿ. ಶೇಂಗಾ ಎಣ್ಣೆ ಅಲ್ಲಿಯ ರಾತ್ರಿಯ ಚಳಿಗೆ ಗಟ್ಟಿಯಾಗುತ್ತದೆ.

ಮಾರ್ಗದರ್ಶಿಗೆ ಫೋನಿನಲ್ಲಿ ‘ವೀಗನ್’ ಎಂದು ಹೇಳಿ ಸುಮ್ಮನಾಗಬೇಡಿ. ಹಾಲು, ಮೊಸರು, ಬೆಣ್ಣೆ, ತುಪ್ಪ, ಪನೀರ್, ಜೇನು, ಮೊಟ್ಟೆ, ಮಾಂಸದ ಸಾರು ಎಂದು ಒಂದೊಂದನ್ನೂ ಹಿಂದಿಯಲ್ಲಿ ಬರೆಸಿದ ಚೀಟಿಯನ್ನು ಪ್ರತಿ ತಂಗುದಾಣದ ಅಡುಗೆಯವನ ಕೈಗೇ ಕೊಡಿ. ಏನು ಬೇಡ ಎನ್ನುವುದರ ಜೊತೆಗೆ ಏನು ಬೇಕು ಎಂದೂ ಹೇಳಿ: ಬೇಯಿಸಿದ ಆಲೂಗಡ್ಡೆ, ಎಣ್ಣೆಯಲ್ಲಿ ಬಾಡಿಸಿದ ಸೊಪ್ಪು, ಅನ್ನ. ಕುಕ್ಕರ್ ಇಲ್ಲದ ಕಡೆ ಬೇಳೆ, ರಾಜ್ಮಾ ಕೇಳಬೇಡಿ. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು 88 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಕಾಳು ಬೇಗ ಮೆತ್ತಗಾಗುವುದಿಲ್ಲ. ಅವರ ಹುರಿದ ಬಾರ್ಲಿ ಹಿಟ್ಟು, ತ್ಸಂಪಾ, ನಿಮಗೆ ಹೇಳಿ ಮಾಡಿಸಿದ್ದು. ಬೆಣ್ಣೆ ಚಹಾದಲ್ಲಿ ಕಲಸದೆ ಬರೀ ಬಿಸಿನೀರಿನಲ್ಲಿ ಕಲಸಿಕೊಡಲು ಕೇಳಿ, ನಿಮ್ಮ ಬೆಲ್ಲ ಸೇರಿಸಿಕೊಳ್ಳಿ. ನುಬ್ರಾದ ತುರ್ತುಕ್ ಹಳ್ಳಿಯಲ್ಲಿ ಒಣಗಿಸಿದ ಏಪ್ರಿಕಾಟ್ ಸಿಗುತ್ತದೆ, ಕೈತುಂಬ ಕೊಳ್ಳಿ. ಬಿ12 ಮಾತ್ರೆಯನ್ನು ಮರೆಯಬೇಡಿ. ಹಾಲು, ಮಾಂಸ ಎರಡೂ ಬಿಟ್ಟವರಿಗೆ ಅದು ಪ್ರವಾಸದಲ್ಲಷ್ಟೇ ಅಲ್ಲ, ಮನೆಯಲ್ಲೂ ಬೇಕು.

ಮೊದಲ ಎರಡು ದಿನ ಹಸಿವೆ ಸತ್ತಂತಿರುತ್ತದೆ, ಅದು ಎತ್ತರದ ಗುಣ. ಹಾಗೆಂದು ಉಪವಾಸ ಬೀಳಬೇಡಿ. ಒಣ ರೊಟ್ಟಿ ಅಗಿಯಲಾಗದಿದ್ದರೆ ನಾಲ್ಕು ತುಂಡು ಮಾಡಿ ಬಟ್ಟಲಿಗೆ ಹಾಕಿ, ಮುಳುಗುವುದಕ್ಕಿಂತ ಸ್ವಲ್ಪ ಕಡಿಮೆ ಬಿಸಿನೀರು ಸುರಿದು, ಮುಚ್ಚಿಡಿ. ಮೆತ್ತಗಾದ ಮೇಲೆ ಶೇಂಗಾ ಪುಡಿ, ಉಪ್ಪು, ಧಾರಾಳವಾಗಿ ಕುಸುಬಿ ಎಣ್ಣೆ ಹಾಕಿ ಕೈಯಿಂದಲೇ ಹಿಸುಕಿ. ಬಿಸಿ ರೊಟ್ಟಿಯನ್ನು ಎಣ್ಣೆ, ಖಾರ ಹಾಕಿ ಹಿಸುಕಿ ಮಾಡುವ ನಮ್ಮ ಮುಟಗಿಯ ಹತ್ತಿರಕ್ಕೆ ಬರುತ್ತದೆ. ನೀರು ಕೇಳಲು ಸಂಕೋಚಪಡಬೇಡಿ, ಬಿಸಿನೀರು ಎಷ್ಟು ಕೇಳಿದರೂ ಅಲ್ಲಿ ಕೊಡುತ್ತಾರೆ.