ಐವತ್ತು ಲಕ್ಸ್

ಒಂದು ಜಲವರ್ಣ ಚಿತ್ರದ ಫ್ರೇಮ್ ಬಿಚ್ಚಿದ ದಿನ ನನ್ನ ಕೆಲಸ ಏನು ಅಂತ ನನಗೆ ಅರ್ಥವಾಯಿತು. ಅದಕ್ಕೂ ಮೊದಲು ಬರೋಡಾದಲ್ಲಿ ಮ್ಯೂಸಿಯಾಲಜಿ, ಅಂದರೆ ಮ್ಯೂಸಿಯಂ ನಡೆಸುವ ವಿದ್ಯೆ ಓದಿದ್ದೆ, ಪರೀಕ್ಷೆ ಪಾಸಾಗಿದ್ದೆ. ಆದರೆ ಅವತ್ತು ಚಿತ್ರದ ಅಂಚಿನ ಸುತ್ತ ಕೂರಿಸಿದ್ದ ಹಳೇ ಮೌಂಟ್ ರಟ್ಟನ್ನು ಎತ್ತಿದರೆ, ಅದರ ಕೆಳಗೆ ಅರ್ಧ ಇಂಚಿನ ಒಂದು ಪಟ್ಟಿ. ಅಲ್ಲಿ ಸಂಜೆಯ ಆಕಾಶ ಕೆಂಪಗೆ ಹೊಳೆಯುತ್ತಿತ್ತು. ರಟ್ಟಿನ ಮರೆ ಇಲ್ಲದ ಕಡೆ ಅದೇ ಆಕಾಶ ನೂರು ಸಲ ಒಗೆದ ಸೀರೆಯ ಹಾಗೆ ಬಿಳಿಚಿಕೊಂಡಿತ್ತು. "ಎಷ್ಟು ತಂಪಾದ ಬಣ್ಣ" ಅಂತ ನಾವೆಲ್ಲ ಹೊಗಳುತ್ತಿದ್ದ ಚಿತ್ರ ಅದು. ಕಲಾವಿದರು ಬಳಿದದ್ದು ತಂಪು ಬಣ್ಣ ಅಲ್ಲವೇ ಅಲ್ಲ. ಎದುರಿನ ಕಿಟಕಿ ಮತ್ತು ತಲೆಯ ಮೇಲಿನ ಟ್ಯೂಬ್‌ಲೈಟ್ ಸೇರಿ ವರ್ಷಗಟ್ಟಲೆ ಮಾಡಿದ ಕೆಲಸ ಅದು.

ಆಮೇಲೆ ಎಷ್ಟು ಊರು ತಿರುಗಿದರೂ, ಮ್ಯೂಸಿಯಂ ಸಂಗ್ರಹ ನೋಡಿಕೊಳ್ಳುವ ಕ್ಯುರೇಟರ್ ಆಗಿದ್ದಾಗಲೂ ನಿರ್ದೇಶಕಿ ಆದಾಗಲೂ, ನನ್ನ ಕೈಚೀಲದಲ್ಲಿ ಲಕ್ಸ್ ಮೀಟರ್ ಇದ್ದೇ ಇತ್ತು. ಚಿತ್ರದ ಮೇಲೆ ಎಷ್ಟು ಬೆಳಕು ಬೀಳುತ್ತದೆ ಅನ್ನುವುದರ ಅಳತೆ ಲಕ್ಸ್. ಕಾಗದದ ಮೇಲಿನ ಚಿತ್ರಕ್ಕೆ, ಹಳೇ ಬಟ್ಟೆಗೆ 50 ಲಕ್ಸ್. ತೈಲವರ್ಣಕ್ಕೆ 150ರಿಂದ 200. ಬೆಳಕು ಮಾಡಿದ ಹಾನಿಗೆ ಔಷಧ ಇಲ್ಲ. ಹರಿದ ಕಾಗದವನ್ನು ಅಂಟಿಸಬಹುದು, ಬೂಷ್ಟು ಹಿಡಿದರೆ ತೆಗೆಯಬಹುದು, ಹೋದ ಬಣ್ಣ ಮಾತ್ರ ಹೋಯಿತು. 200 ಲಕ್ಸ್‌ನಲ್ಲಿ ಒಂದು ಗಂಟೆ ಇಟ್ಟರೂ, 50 ಲಕ್ಸ್‌ನಲ್ಲಿ ನಾಲ್ಕು ಗಂಟೆ ಇಟ್ಟರೂ ಹಾನಿ ಒಂದೇ. ಹಾಗಾಗಿ ಜಲವರ್ಣಗಳನ್ನು ಮೂರು ತಿಂಗಳು ಗೋಡೆಗೆ ಹಾಕುತ್ತಿದ್ದೆ. ಆಮೇಲೆ ಎರಡು ಮೂರು ವರ್ಷ ಡ್ರಾಯರಿನ ಕತ್ತಲು.

ಜನ ಬೈದರು. "ಟಿಕೆಟ್ ತಗೊಂಡು ಬಂದಿದ್ದೀವಿ, ಏನೂ ಕಾಣಲ್ಲ" ಅಂತ ಒಬ್ಬ ಹಿರಿಯರು ಸಂದರ್ಶಕರ ಪುಸ್ತಕದಲ್ಲಿ ಬರೆದೇ ಹೋದರು. ಅವರದು ತಪ್ಪಲ್ಲ. ವಯಸ್ಸಾದ ಕಣ್ಣಿಗೆ ಬೆಳಕು ಜಾಸ್ತಿ ಬೇಕು. ನಾನು ಮಾಡಿದ ತಪ್ಪು ಬೇರೆ ಇತ್ತು. ಬಿಸಿಲಿನಿಂದ ನೇರವಾಗಿ 50 ಲಕ್ಸ್ ಕೋಣೆಗೆ ಅವರನ್ನು ತಳ್ಳಿದ್ದೆ. ಅದಕ್ಕೆ ಮುಂದಿನ ಸಲ ಚಿತ್ರಗಳಿಗೆ ಮೊದಲು ಒಂದು ಹಾದಿ ಮಾಡಿದೆವು. ಗೋಡೆಗೆ ಗಾಢ ಬೂದು ಬಣ್ಣ, ಓದಲು ನಾಲ್ಕು ಸಾಲು, ಕೂರಲು ಬೆಂಚು. ಅಲ್ಲಿ ಐದು ನಿಮಿಷ ಕಳೆದವರಿಗೆ ಒಳಗಿನ ಮಬ್ಬು ಬೆಳಕೇ ಸಾಕಾಯಿತು. ದೀಪ ಒಂದನ್ನೂ ಹೆಚ್ಚಿಸಲಿಲ್ಲ. ದೂರು ನಿಂತಿತು.

ಕತ್ತಲಿನ ಉಪಯೋಗ ನಮ್ಮವರಿಗೆ ಗೊತ್ತಿಲ್ಲ ಅಂತಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಣ್ಣಿನ ಚಿತ್ರವನ್ನು ನಾನು ಮೊದಲು ನೋಡಿದ್ದು ಕತ್ತಲು ಮಾಡಿದ ಕೋಣೆಯಲ್ಲೇ. ದೀಪದ ಬೆಳಕು ಅವಳ ಬೆರಳ ಸಂದಿಯಿಂದ ಸೋರುತ್ತಿರುತ್ತದೆ. ಪಕ್ಕದಲ್ಲಿ ನಿಂತವರು ಮಕ್ಕಳಿಗೆ "ರವಿವರ್ಮ, ರವಿವರ್ಮ" ಅಂತ ಹೇಳುತ್ತಿದ್ದರು. ಅಲ್ಲ. ಅದು ಎಸ್. ಎಲ್. ಹಳದಣಕರ್ ಅವರದು, 1940ರ ದಶಕದ್ದು. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಅದು ತೈಲವರ್ಣವೂ ಅಲ್ಲ, ಜಲವರ್ಣ. ಹೆಸರಿನ ಫಲಕ ಇದ್ದರೂ ಯಾರೂ ಓದಲ್ಲ. ಮುಂದೆ ನನ್ನ ಗ್ಯಾಲರಿಗಳಲ್ಲಿ ಫಲಕದ ಮೊದಲ ಸಾಲಿಗೆ ಕಲಾವಿದರ ಹೆಸರು, ಇಸವಿ ಹಾಕುವುದನ್ನೇ ಬಿಟ್ಟೆ. "ಇವಳ ಬೆರಳು ನೋಡಿ" ಅನ್ನುವಂಥ ಸಾಲು ಹಾಕಿದೆ. ಸಹೋದ್ಯೋಗಿಗಳು ನಕ್ಕರು. ಜನ ಮಾತ್ರ ಓದಿದರು.

ಚಿತ್ರ ತೂಗುವ ಎತ್ತರದ ಬಗ್ಗೆಯೂ ಜಗಳ ಆಡಿದ್ದೇನೆ. ದೆಹಲಿಯ ಹಿರಿಯರು ಗ್ರೇಸ್ ಮಾರ್ಲಿ ಅವರ ಕಥೆ ಹೇಳುತ್ತಿದ್ದರು. ಸ್ಯಾನ್‌ಫ್ರಾನ್ಸಿಸ್ಕೋದ ಕಲಾ ಮ್ಯೂಸಿಯಂ ಕಟ್ಟಿ ಬೆಳೆಸಿದ ಆ ಹೆಂಗಸು 1960ರಲ್ಲಿ ನಮ್ಮ ನ್ಯಾಷನಲ್ ಮ್ಯೂಸಿಯಂ ನಿರ್ದೇಶಕಿಯಾಗಿ ಬಂದು, ಕೊನೆಗೆ ಇಲ್ಲೇ ಉಳಿದರು. ವಸ್ತುಗಳನ್ನು ಅಂಗಡಿಯ ಹಾಗೆ ತುಂಬದೆ, ನೋಡುವವರ ಕಣ್ಣಿನ ಮಟ್ಟಕ್ಕೆ ಇಡಬೇಕು ಅನ್ನುವುದು ಅವರ ಹಟ. ಆದರೆ ಯಾರ ಕಣ್ಣು? ಶಾಲೆಯ ಮಕ್ಕಳು ಬರುವ ಕಡೆ ನಾನು ಚಿತ್ರದ ನಡುಭಾಗವನ್ನು 150 ಸೆಂಟಿಮೀಟರಿನಿಂದ 140ಕ್ಕೆ ಇಳಿಸಿದೆ. ಎತ್ತರದವರು ಸ್ವಲ್ಪ ಬಗ್ಗಲಿ ಬಿಡಿ.

ಎಲ್ಲಕ್ಕಿಂತ ಕಷ್ಟದ ಜಗಳ ದೀಪ ಬೆಳಗುವುದರದ್ದು. ಒಂದು ಊರಲ್ಲಿ ಪ್ರದರ್ಶನದ ಉದ್ಘಾಟನೆ. ಐದು ಬತ್ತಿಯ ಎಣ್ಣೆ ದೀಪವನ್ನು ಚಿತ್ರಗಳ ಮಧ್ಯೆಯೇ ತಂದಿಟ್ಟಿದ್ದರು, ಜೊತೆಗೆ ಟಿವಿಯವರ ದೊಡ್ಡ ಲೈಟು. ಮಸಿ ಮೇಲೇರಿ ಚಿತ್ರದ ಮೇಲೆ ಕೂರುತ್ತದೆ ಅಂದೆ. ಮೇಲಧಿಕಾರಿ ನನ್ನನ್ನು ದೇವರು ದಿಂಡರು ಇಲ್ಲದವಳ ಹಾಗೆ ನೋಡಿದರು. ನಮ್ಮ ಅಟೆಂಡರ್ ಮುಂದೆ ಬಂದು, "ಮೇಡಂ, ವರಾಂಡಾ ಪೂರ್ವಕ್ಕಿದೆ, ಅಲ್ಲೇ ಶುಭ ಅಲ್ವಾ?" ಅಂದರು. ಎಲ್ಲರೂ ಖುಷಿಯಿಂದ ವರಾಂಡಾಕ್ಕೆ ಹೋದರು. ನಾನು ಓದಿದ ಯಾವ ಪಾಠದಲ್ಲೂ ಈ ಉಪಾಯ ಇರಲಿಲ್ಲ.

ಏಸಿಯದ್ದು ಇನ್ನೊಂದು ಕಥೆ. ಒಂದು ಕಡೆ ಸಂಜೆ ಬಾಗಿಲು ಹಾಕುವಾಗ ಏಸಿಯನ್ನೂ ಆರಿಸುತ್ತಿದ್ದರು, ಕರೆಂಟ್ ಉಳಿಸಲು. ಹಗಲು ಒಣ ಗಾಳಿ, ರಾತ್ರಿ ತೇವ. ಮೈಸೂರು ಶೈಲಿಯ ಚಿತ್ರಗಳಲ್ಲಿ ಗೆಸ್ಸೊ, ಅಂದರೆ ಪುಡಿ ಅಂಟು ಕಲಸಿದ ಲೇಪದ ಉಬ್ಬುಕೆಲಸದ ಮೇಲೆ ಚಿನ್ನದ ರೇಕು ಅಂಟಿಸಿರುತ್ತಾರಲ್ಲ, ಅದು ಈ ಏರಿಳಿತವನ್ನು ತಾಳಲ್ಲ. ಅಡಿಯ ಕಾಗದ, ಹಲಗೆ ದಿನಾ ಹಿಗ್ಗಿ ಕುಗ್ಗುತ್ತವೆ, ಗೆಸ್ಸೊ ಬಿರಿಯುತ್ತದೆ. ಒಂದು ಬೆಳಗ್ಗೆ ಫ್ರೇಮಿನ ಗಾಜಿನ ಒಳಗೆ ಚಿನ್ನದ ಪುಡಿ ಉದುರಿತ್ತು. ಏಸಿ ಇಲ್ಲದೆಯೇ ಇದ್ದಿದ್ದರೆ ಇಷ್ಟು ಹಾಳಾಗುತ್ತಿರಲಿಲ್ಲ. ಒಂದೋ ದಿನದ 24 ಗಂಟೆ ಹಾಕಿ, ಇಲ್ಲವೇ ಹಾಕಲೇಬೇಡಿ ಅಂತ ಬರೆದು ಕೊಟ್ಟೆ. ಹಾಕಲೇಬೇಡಿ ಅನ್ನುವುದನ್ನು ತಕ್ಷಣ ಒಪ್ಪಿದರು.

ಮ್ಯೂಸಿಯಂನಲ್ಲಿ ಏನೇನಿದೆ ಅಂತ ಬರೆದಿಡುವ ರಿಜಿಸ್ಟರ್ ತಿದ್ದಿದ್ದು ಬಹಳ ಬೇಜಾರಿನ ಕೆಲಸ, ಆದರೆ ನಾನು ಮಾಡಿದ್ದರಲ್ಲಿ ಅದೇ ಗಟ್ಟಿ. ಹಳೇ ಪುಟಗಳಲ್ಲಿ "ಹಕ್ಕಿಯ ಚಿತ್ರ, ಒಂದು" ಅಂತ ಬರೆದಿತ್ತು. ಯಾವ ಹಕ್ಕಿ? ನಾಳೆ ಯಾರಾದರೂ ಬದಲಾಯಿಸಿಟ್ಟರೆ ಹೇಗೆ ಹೇಳುವುದು? ಅಳತೆ, ಫೋಟೋ ಜೊತೆ ಗಾಯಗಳನ್ನೂ ಬರೆಸಿದೆ. ಎಡ ಮೂಲೆಯಲ್ಲಿ ಬೆಳ್ಳಿಮೀನು ಹುಳು ತಿಂದ ಗುರುತು, ಬಲಗಡೆ ಕಂದು ಚುಕ್ಕೆ ಮೂರು. ನಕಲು ಮಾಡುವವರು ಹಕ್ಕಿಯನ್ನು ಚೆನ್ನಾಗಿಯೇ ಬರೆಯುತ್ತಾರೆ. ಹುಳು ತಿಂದ ಗುರುತನ್ನು ಅಷ್ಟು ಸುಲಭಕ್ಕೆ ಮಾಡಲಾರರು.

ಆ ಕೆಂಪು ಆಕಾಶದ ಚಿತ್ರಕ್ಕೆ ಆಮೇಲೆ ಹೊಸ ಮೌಂಟ್ ಮಾಡಿಸಿದೆವು, ಆಮ್ಲ ಇಲ್ಲದ ರಟ್ಟಿನದು. ಪಟ್ಟಿಯನ್ನು ಮತ್ತೆ ಮುಚ್ಚಿಯೇ ಇಟ್ಟೆವು. ತೋರಿಸಿದರೆ ಅದೂ ಬಿಳಿಚಿಕೊಳ್ಳುತ್ತದೆ, ಫೋಟೋ ಮಾತ್ರ ಪಕ್ಕದಲ್ಲಿ ಹಾಕಿದೆವು. ನಾನು ನಿವೃತ್ತಿಯಾದ ದಿನ ಚಿತ್ರ ಡ್ರಾಯರಿನಲ್ಲಿತ್ತು. ಅದು ಗೋಡೆಗೆ ಬರಲು ಇನ್ನೂ ಹದಿನಾಲ್ಕು ತಿಂಗಳು ಬಾಕಿ. ಹೂವಿನ ಹಾರ ಹಾಕಿದವರೊಬ್ಬರು, "ಮೇಡಂ, ಇವತ್ತೊಂದು ದಿನ ತೆಗೆಯೋಣವಾ?" ಅಂದರು. ಬೇಡ ಅಂದೆ.